ಮಕ್ಕಳಿಗಿಂತ ಮೊದಲು ಮೇಷ್ಟ್ರು: ಅಹಮದಾಬಾದ್‌ನ ಎನ್‌ಐಡಿ ಕಟ್ಟಿದ ಕಥೆ

1961ರಲ್ಲಿ ಅಹಮದಾಬಾದ್‌ನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಅಂದರೆ ಎನ್‌ಐಡಿ, ಎನ್ನುವ ಡಿಸೈನ್ ಸಂಸ್ಥೆ ಶುರುವಾಯಿತು. ಸರ್ಕಾರದ ಒಪ್ಪಿಗೆ ಇತ್ತು. ಫೋರ್ಡ್ ಫೌಂಡೇಶನ್‌ನ ನೆರವಿತ್ತು. ಊರಿನ ದೊಡ್ಡ ಮಿಲ್ ಮಾಲೀಕರ ಮನೆಯವರೇ ಮುಂದೆ ನಿಂತಿದ್ದರು. ಕೂರೋಕೆ ಸಾಬರಮತಿ ದಂಡೆಯಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಕಟ್ಟಿದ ಮ್ಯೂಸಿಯಂ ಕಟ್ಟಡವೂ ಸಿಕ್ಕಿತ್ತು. ಇಲ್ಲದೆ ಇದ್ದದ್ದು ಒಂದೇ: ಪಾಠ ಹೇಳುವವರು.

ಚಿತ್ರ ಕಲಿಸುವವರು ದೇಶದಲ್ಲಿ ಇರಲಿಲ್ಲ ಅಂತಲ್ಲ. ಮದ್ರಾಸಿನ ಕಲಾಶಾಲೆ 1850ರದ್ದು. ಕಲ್ಕತ್ತದ್ದು 1854, ಮುಂಬೈನ ಜೆ.ಜೆ. ಸ್ಕೂಲ್ 1857. ನಮ್ಮ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲೂ ಮರ, ಲೋಹ, ಚಿತ್ರ ಎಲ್ಲ ಕಲಿಸುತ್ತಿದ್ದರು. ಆದರೆ ಒಂದು ಫ್ಯಾನ್, ಒಂದು ಕುರ್ಚಿ, ಒಂದು ಬ್ಯಾಂಕಿನ ಗುರುತು, ಮಗ್ಗದ ಮೇಲಿನ ಬಟ್ಟೆ, ಇವನ್ನೆಲ್ಲ ಒಂದೇ ಬಗೆಯ ಯೋಚನೆಯಿಂದ ನೋಡುವುದನ್ನು ಕಲಿಸುವವರು ಎಲ್ಲಿದ್ದರು? ಆ ಕೆಲಸಕ್ಕೆ ನಮ್ಮಲ್ಲಿ ಆಗ ಸರಿಯಾದ ಹೆಸರೂ ಇರಲಿಲ್ಲ.

ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನು ಮಾಡ್ತಾರೆ? ಅಡ್ಮಿಷನ್ ತೆರೀತಾರೆ, ಮಕ್ಕಳನ್ನು ತುಂಬಿಸ್ತಾರೆ, ಆಮೇಲೆ ಮೇಷ್ಟ್ರನ್ನು ಹುಡುಕ್ತಾರೆ. ಎನ್‌ಐಡಿ ಹಾಗೆ ಮಾಡಲಿಲ್ಲ. ಶಾಲೆ ಮುಗಿಸಿದ ಮಕ್ಕಳನ್ನು ತೆಗೆದುಕೊಳ್ಳೋಕೆ ಅದು ಹೆಚ್ಚುಕಡಿಮೆ ಒಂಬತ್ತು ವರ್ಷ ಕಾಯಿತು. ಆ ಒಂಬತ್ತು ವರ್ಷ ಅದು ಮಾಡಿದ ಮುಖ್ಯ ಕೆಲಸ ತನ್ನ ಮೇಷ್ಟ್ರುಗಳನ್ನು ತಾನೇ ತಯಾರು ಮಾಡಿಕೊಂಡದ್ದು. ನನಗೆ ಈ ಸಂಸ್ಥೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಕಥೆ ಕೆಲವು ವರ್ಷ ಹಿಂದಕ್ಕೆ ಹೋಗುತ್ತದೆ. 1955ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಭಾರತದ ಬಟ್ಟೆ ಮತ್ತು ಆಭರಣಗಳ ಪ್ರದರ್ಶನ ನಡೆಯಿತು. ಅಲ್ಲಿ, ಕೈಮಗ್ಗ ಮತ್ತು ಕರಕುಶಲ ಕೆಲಸಗಳ ಏಳಿಗೆಗೆ ದುಡಿಯುತ್ತಿದ್ದ ಪುಪುಲ್ ಜಯಕರ್ ಅವರಿಗೆ ಅಮೆರಿಕದ ಡಿಸೈನರ್ ಚಾರ್ಲ್ಸ್ ಈಮ್ಸ್ ಪರಿಚಯವಾದರು. ಮುಂದೆ ಭಾರತ ಸರ್ಕಾರ ಚಾರ್ಲ್ಸ್ ಮತ್ತು ಅವರ ಹೆಂಡತಿ ರೇ ಈಮ್ಸ್ ಇಬ್ಬರನ್ನೂ ಕರೆಸಿತು. ಕಾರ್ಖಾನೆ ಮಾಲು ದೇಶವನ್ನು ತುಂಬುತ್ತಿದೆ, ದಿನಬಳಕೆ ವಸ್ತುಗಳ ಗುಣ ಕೆಡುತ್ತಿದೆ, ಇದಕ್ಕೆ ಏನು ಮಾಡಬಹುದು ಅಂತ ಅವರನ್ನು ಕೇಳಿತು. ಗಂಡ ಹೆಂಡತಿ ತಿಂಗಳುಗಟ್ಟಲೆ ಊರೂರು ತಿರುಗಿದರು. 1958ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು.

ಸರ್ಕಾರಿ ವರದಿ ಅಂದರೆ ಕೋಷ್ಟಕ, ಬಜೆಟ್, ಹುದ್ದೆಗಳ ಪಟ್ಟಿ ಅಂತ ನಾವು ಅಂದುಕೊಳ್ಳುತ್ತೇವೆ. ಇದು ಗೀತೆಯ ಸಾಲುಗಳಿಂದ ಶುರುವಾಗುತ್ತದೆ. ಕೆಲಸದ ಮೇಲೆ ಮಾತ್ರ ನಿನ್ನ ಹಕ್ಕು, ಫಲದ ಮೇಲೆ ಅಲ್ಲ ಎನ್ನುವ ಸಾಲು. ಸ್ವಲ್ಪ ಮುಂದೆ ಹೋದರೆ ಒಂದು ಚೊಂಬಿನ ಬಗ್ಗೆ ಮಾತು ಬರುತ್ತದೆ.

ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಚೊಂಬೇ ಅತಿ ಚೆಂದದ್ದು ಅಂತ ಈಮ್ಸ್ ದಂಪತಿ ಬರೆದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ನೋಡಿ. ಒಂದು ಸಲಕ್ಕೆ ಎಷ್ಟು ನೀರು ತರಬೇಕು, ಎಷ್ಟು ಸುರಿಯಬೇಕು? ಅದನ್ನು ಹಿಡಿಯುವ ಕೈ ಗಂಡಸಿನದೋ ಹೆಂಗಸಿನದೋ, ಎಷ್ಟು ದೊಡ್ಡದು, ಎಷ್ಟು ಗಟ್ಟಿ? ತಲೆ ಮೇಲೆ ಹೊರುತ್ತಾರೋ, ಸೊಂಟದ ಮೇಲೋ, ಕೈಯಲ್ಲೋ? ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಖಾಲಿ ಆದಾಗ ಎಲ್ಲಿ? ಎಣ್ಣೆ ಸುರಿದರೆ ಹೇಗೆ, ನೀರು ಸುರಿದರೆ ಹೇಗೆ? ಒಳಗೆ ಕೈ ಹಾಕಿ ತೊಳೆಯೋಕೆ ಬಾಯಿ ಸಾಕೋ? ಬಿಸಿ ಇದ್ದಾಗ ಹಿಡಿಯಬಹುದೋ? ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿರುತ್ತದೆ, ಕಣ್ಣು ಬಿಟ್ಟರೆ ಹೇಗೆ? ಕಲ್ಲಿನ ಮೇಲೆ ಇಟ್ಟಾಗ ಏನು ಸದ್ದು? ಹಳೆಯದಾದರೆ ಆ ಲೋಹಕ್ಕೆ ಏನು ಬೆಲೆ? ಅದನ್ನು ಇನ್ನೊಬ್ಬರಿಗೆ ಕೊಡುವಾಗ ಮನಸ್ಸಿಗೆ ಹೇಗನ್ನಿಸುತ್ತದೆ?

ಇದನ್ನು ಮೊದಲ ಸಲ ಓದಿದ ದಿನ ನಾನು ಅಡುಗೆಮನೆಗೆ ಹೋಗಿ ಅಮ್ಮನ ಹಿತ್ತಾಳೆ ಚೊಂಬು ತಂದು ಮೇಜಿನ ಮೇಲೆ ಇಟ್ಟುಕೊಂಡೆ. ಕುತ್ತಿಗೆ ಸುತ್ತ ನಾಲ್ಕು ಬೆರಳು ಹಿಡಿದರೆ ಹೆಬ್ಬೆರಳು ತಾನಾಗೇ ಕಂಠದ ಮೇಲೆ ಬಂದು ಕೂರುತ್ತದೆ. ತುಂಬಿದಾಗ ಭಾರವೆಲ್ಲ ಬೆರಳಿನ ಕೆಳಗೆ, ಹೊಟ್ಟೆಯಲ್ಲಿ ಇರುತ್ತದೆ. ಅದಕ್ಕೇ ಜಾರುವುದಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಲು ಕೈ ಸಲೀಸಾಗಿ ಒಳಗೆ ಹೋಗುತ್ತದೆ. ತಳದಲ್ಲಿ ಒಂದು ಕಡೆ ಸಣ್ಣ ತಗ್ಗು. ಯಾವಾಗಲೋ ಬಚ್ಚಲ ಕಲ್ಲಿನ ಮೇಲೆ ಬಿದ್ದದ್ದು. ನಲವತ್ತು ವರ್ಷ ಮನೆಯಲ್ಲಿದ್ದ ಚೊಂಬನ್ನು ನಾನು ಆ ದಿನ ಮೊದಲ ಸಲ ನೋಡಿದೆ.

ಡಿಸೈನ್ ಪಾಠ ಅಂದರೆ ಇದೇ ಅಲ್ವಾ? ಯಾರೋ ಒಬ್ಬರು ಕೂತು ಈ ಚೊಂಬನ್ನು ಮಾಡಿಲ್ಲ, ತಲೆಮಾರುಗಟ್ಟಲೆ ಜನ ಅದನ್ನು ತಿದ್ದುತ್ತ ಬಂದರು ಅಂತ ವರದಿ ಹೇಳುತ್ತದೆ. ಈಗ ಬದಲಾವಣೆಯ ವೇಗ ಜಾಸ್ತಿ. ತಲೆಮಾರುಗಳು ಕಾಯುವುದಿಲ್ಲ. ಹಾಗಾಗಿ ಆ ತಿದ್ದುವ ಕೆಲಸವನ್ನು ತಿಳಿದು ಮಾಡುವ ಜನರನ್ನು ಬೆಳೆಸುವ ಸಂಸ್ಥೆ ಬೇಕು. ಕಲಿಕೆ, ಸಂಶೋಧನೆ, ಹೊರಗಿನವರಿಗೆ ಸೇವೆ, ಮೂರೂ ಒಂದೇ ಸೂರಿನಡಿ ಇರಬೇಕು ಅಂತ ವರದಿ ಹೇಳಿತು.

ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರು ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ ಸಾರಾಭಾಯಿ. ಗೌತಮ್ ಕ್ಯಾಲಿಕೋ ಮಿಲ್ ನಡೆಸುತ್ತಿದ್ದರು. ಬಾಹ್ಯಾಕಾಶದ ವಿಕ್ರಮ್ ಸಾರಾಭಾಯಿ ಇವರ ತಮ್ಮ. ಗೀರಾ ಅಮೆರಿಕದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹತ್ತಿರ ಕೆಲಸ ಕಲಿತು ಬಂದವರು. ಇವರಿಬ್ಬರಿಗೂ ಒಂದು ವಿಷಯ ಖಚಿತವಾಗಿತ್ತು. ಪುಸ್ತಕ ಓದಿಸಿ ಡಿಸೈನ್ ಮೇಷ್ಟ್ರನ್ನು ಮಾಡಲಾಗದು. ನಿಜವಾದ ಕೆಲಸ ಮಾಡಿಸಬೇಕು. ಆ ಕೆಲಸದಲ್ಲಿ ಪಳಗಿದವರ ಪಕ್ಕ ಕೂರಿಸಬೇಕು.

ಮೊದಲ ದಿನಗಳಲ್ಲಿ ಒಳಗೆ ಬಂದವರು ಕೆಲವೇ ಜನ. ದಶರಥ್ ಪಟೇಲ್ ಅವರಲ್ಲಿ ಮುಖ್ಯರು. ಮದ್ರಾಸಿನ ಕಲಾಶಾಲೆಯಲ್ಲಿ ದೇವಿಪ್ರಸಾದ್ ರಾಯ್ ಚೌಧುರಿ ಅವರ ಶಿಷ್ಯ, ಆಮೇಲೆ ಪ್ಯಾರಿಸ್‌ನಲ್ಲಿ ಓದಿದವರು. ಚಿತ್ರ, ಕುಂಬಾರಿಕೆ, ಫೋಟೋ, ಪ್ರದರ್ಶನ ಎಲ್ಲದರಲ್ಲೂ ಕೈ ಆಡಿಸುತ್ತಿದ್ದರು. ಲಂಡನ್ನಿನಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಕಲಿತಿದ್ದ ಎಚ್. ಕುಮಾರ್ ವ್ಯಾಸ್ ಪ್ರಾಡಕ್ಟ್ ಡಿಸೈನ್ ವಿಭಾಗ ಕಟ್ಟಲು ಬಂದರು. ಉಳಿದವರು ಆರ್ಕಿಟೆಕ್ಚರ್, ಎಂಜಿನಿಯರಿಂಗ್, ಚಿತ್ರಕಲೆ ಮುಗಿಸಿ ಬಂದ ಹುಡುಗರು. ಇವರು ವಿದ್ಯಾರ್ಥಿಗಳೋ, ನೌಕರರೋ, ನಾಳೆಯ ಮೇಷ್ಟ್ರೋ? ಮೂರೂ ಹೌದು.

ಇವರಿಗೆ ಕಲಿಸಲು ಹೊರಗಿನಿಂದ ಬಂದವರ ಹೆಸರು ಕೇಳಿದರೆ ಇವತ್ತಿಗೂ ಬೆರಗಾಗುತ್ತದೆ. ಅದೇ ಊರಿನ ಮ್ಯಾನೇಜ್‌ಮೆಂಟ್ ಶಾಲೆ ಐಐಎಂನ ಕಟ್ಟಡದ ನೆಪದಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಬಂದರು. ಅವರ ಕೆಲಸಕ್ಕೆ ಎನ್‌ಐಡಿಯೇ ನೆಲೆ ಒದಗಿಸಿತು. ಮರದ ಕೆಲಸಕ್ಕೆ ಜಾರ್ಜ್ ನಾಕಾಶಿಮಾ ಬಂದರು. ಜರ್ಮನಿಯ ಉಲ್ಮ್ ಡಿಸೈನ್ ಶಾಲೆಯಿಂದ ಹಾನ್ಸ್ ಗುಗೆಲಾಟ್ ಬಂದು ಇಲ್ಲಿನ ಜನರ ಜೊತೆ ಸೀಲಿಂಗ್ ಫ್ಯಾನ್ ಒಂದರ ಮೇಲೆ ಕೆಲಸ ಮಾಡಿದರು. ಫ್ಯಾನ್ ಅನ್ನೋದನ್ನು ಗಮನಿಸಿ. ಕಾರಲ್ಲ, ರೇಡಿಯೋ ಅಲ್ಲ. ನಮ್ಮ ಬೇಸಿಗೆಯ ಮಧ್ಯಾಹ್ನ ಬೇಕಾಗುವ ವಸ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಡಿಸೈನ್ ಶಾಲೆಯ ನಂಟು ಎಲ್ಲಕ್ಕಿಂತ ಆಳವಾಗಿ ಬೇರು ಬಿಟ್ಟಿತು. ಅಲ್ಲಿನ ಆರ್ಮಿನ್ ಹಾಫ್‌ಮನ್ 1965ರಲ್ಲಿ ಅಹಮದಾಬಾದ್‌ಗೆ ಬಂದು ಪಾಠ ಮಾಡಿದರು. ಚುಕ್ಕೆ, ಗೆರೆ, ಕಪ್ಪು, ಬಿಳಿ. ಒಂದು ವಸ್ತುವಿನ ಚಿತ್ರದಿಂದ ಬೇಡದ್ದನ್ನೆಲ್ಲ ತೆಗೆಯುತ್ತ ಹೋಗಿ, ಇನ್ನು ತೆಗೆದರೆ ಅದು ಅದಾಗಿ ಉಳಿಯುವುದಿಲ್ಲ ಅನ್ನುವ ಜಾಗದಲ್ಲಿ ನಿಲ್ಲುವುದು. ನೋಡೋಕೆ ಸುಲಭ. ಮಾಡೋಕೆ ಕೂತರೆ ದಿನಗಟ್ಟಲೆ ಹಿಡಿಯುತ್ತದೆ. ಎನ್‌ಐಡಿಯ ವಿಕಾಸ್ ಸಾತ್ವಳೇಕರ್, ಮಹೇಂದ್ರ ಪಟೇಲ್ ಮುಂತಾದವರು ಬಾಸೆಲ್‌ಗೇ ಹೋಗಿ ಕಲಿತು ಬಂದರು. ಅಕ್ಷರ ವಿನ್ಯಾಸದ ಏಡ್ರಿಯನ್ ಫ್ರುಟಿಗರ್ ಇಲ್ಲಿಗೆ ಬಂದು ದೇವನಾಗರಿ ಅಚ್ಚಿನ ಅಕ್ಷರಗಳ ಮೇಲೆ ಕೆಲಸ ಮಾಡಿದರು. ಮಹೇಂದ್ರ ಪಟೇಲ್ ಆ ದಾರಿಯಲ್ಲೇ ಮುಂದೆ ನಡೆದು ಅಕ್ಷರ ಪಾಠದ ದೊಡ್ಡ ಮೇಷ್ಟ್ರಾದರು. ದೇವನಾಗರಿಗೆ ಮೇಲೊಂದು ಅಡ್ಡಗೆರೆ ಇದೆ, ಅಕ್ಷರಗಳು ಅದಕ್ಕೆ ಜೋತುಬೀಳುತ್ತವೆ. ನಮ್ಮ ಕನ್ನಡದ ದುಂಡು ಅಕ್ಷರ, ತಲೆಕಟ್ಟು, ಕೆಳಗೆ ಇಳಿಯುವ ಒತ್ತು, ಇವಕ್ಕೆ ಅಷ್ಟು ಹೊತ್ತು ಕೂತ ಕಣ್ಣುಗಳು ಇನ್ನೂ ಜಾಸ್ತಿ ಬೇಕಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಎಲ್ಲರಿಗೂ ಒಟ್ಟಿಗೆ ಪಾಠವಾದದ್ದು ನೆಹರೂ ಪ್ರದರ್ಶನ. 1964ರ ಮೇ 27ಕ್ಕೆ ನೆಹರೂ ತೀರಿಕೊಂಡರು. ಅವರ ಬದುಕನ್ನು ಲೋಕಕ್ಕೆ ತೋರಿಸುವ ಪ್ರದರ್ಶನದ ಕೆಲಸ ಈಮ್ಸ್ ದಂಪತಿಗೆ ಮತ್ತು ಎನ್‌ಐಡಿಗೆ ಬಂತು. ಈಮ್ಸ್ ತಂಡ ಅಹಮದಾಬಾದ್‌ಗೆ ಬಂದು ಕೂತಿತು. 1965ರ ಜನವರಿಗೆ ನ್ಯೂಯಾರ್ಕ್‌ನಲ್ಲಿ ಬಾಗಿಲು ತೆರೆಯಬೇಕು. ಕೈಯಲ್ಲಿದ್ದದ್ದು ಕೆಲವೇ ತಿಂಗಳು. ಫೋಟೋ ಆರಿಸುವುದು, ದೊಡ್ಡದು ಮಾಡುವುದು, ಬರಹಕ್ಕೆ ಅಕ್ಷರ ಕೂರಿಸುವುದು, ಮರದ ಚೌಕಟ್ಟು, ಬಟ್ಟೆ, ಬೆಳಕು, ಕೊನೆಗೆ ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ತುಂಬಿ ಹಡಗು, ವಿಮಾನ ಹತ್ತಿಸುವುದು. ಗ್ರಾಫಿಕ್ಸ್‌ನವರು, ಮರದವರು, ಫೋಟೋದವರು ಬೇರೆ ಬೇರೆ ಕೋಣೆಯಲ್ಲಿ ಕೂತು ಮಾಡುವ ಕೆಲಸವಲ್ಲ ಇದು. ಮುಂದೆ ಎನ್‌ಐಡಿಯಲ್ಲಿ ವಿಭಾಗಗಳ ನಡುವಿನ ಗೋಡೆ ತೆಳ್ಳಗೆ ಉಳಿದದ್ದಕ್ಕೆ ಈ ಕೆಲಸದ ರೂಢಿಯೂ ಒಂದು ಕಾರಣ ಅಂತ ನನ್ನ ನಂಬಿಕೆ.

ಎಲ್ಲ ಪ್ರಯೋಗವೂ ಬೇರು ಬಿಡಲಿಲ್ಲ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಮಾಡಿಕೊಟ್ಟರು. ಗೌತಮ್, ಗೀರಾ ಅವರ ಸೋದರಿ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್ ಮೊದಲಾದವರು ಅಲ್ಲಿ ರೆಕಾರ್ಡ್ ಮಾಡಿದರು. ಕೆಲವೇ ವರ್ಷಕ್ಕೆ ಅದು ನಿಂತಿತು. ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿ ಮಲಗಿದ್ದವು. ಹೊರದೇಶಕ್ಕೆ ಹೋಗಿ ಕಲಿತವರೆಲ್ಲ ಇಲ್ಲೇ ಉಳಿಯಲೂ ಇಲ್ಲ. ಬಾಸೆಲ್‌ನಲ್ಲಿ ಓದಿದ ಇಶು ಪಟೇಲ್ ಕೆನಡಾಕ್ಕೆ ಹೋಗಿ ಅಲ್ಲಿನ ಅನಿಮೇಷನ್‌ನಲ್ಲಿ ದೊಡ್ಡ ಹೆಸರಾದರು.

ಬಂದು ಹೋದವರ ನಡುವೆ ಒಬ್ಬರು ಬಂದು ಇದ್ದುಬಿಟ್ಟರು. ಹೆಲೆನಾ ಪೆರ್‌ಹೆಂಟುಪಾ. ಫಿನ್‌ಲೆಂಡ್‌ನ ಹೆಣ್ಣುಮಗಳು, ಬಟ್ಟೆ ವಿನ್ಯಾಸದವರು. 1968ರಲ್ಲಿ ಬಂದು ಟೆಕ್ಸ್‌ಟೈಲ್ ವಿಭಾಗ ಕಟ್ಟಿದರು. ಎರಡು ದಶಕಕ್ಕೂ ಜಾಸ್ತಿ ಕಾಲ ಇಲ್ಲೇ ಇದ್ದು ಕಲಿಸಿದರು. ಮಿಲ್ಲುಗಳ ಊರಿನಲ್ಲಿ, ಸಾವಿರಾರು ವರ್ಷದಿಂದ ನೇಯುತ್ತಿರುವ ದೇಶದಲ್ಲಿ, ಹಿಮದ ನಾಡಿನವರು ಬಂದು ಬಟ್ಟೆ ಪಾಠ ಹೇಳುವುದೇ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಅವರು ಮಕ್ಕಳನ್ನು ಕಾಗದದ ಮುಂದೆ ಮಾತ್ರ ಕೂರಿಸಲಿಲ್ಲ. ಮಗ್ಗದ ಮುಂದೆ ಕೂರಿಸಿದರು, ನೇಕಾರರ ಊರಿಗೆ ಕಳಿಸಿದರು. ಮಗ್ಗಕ್ಕೆ ಹಾಸು ಏರಿಸಿ, ಹೊಕ್ಕು ಹಾಕಿ, ಕಡಿದ ಎಳೆಯನ್ನು ಬೆರಳಿನಲ್ಲಿ ಹುರಿಗಟ್ಟಿಸಿ ಜೋಡಿಸಿದವರಿಗೆ ಬಟ್ಟೆ ಬೇರೆಯದೇ ವಸ್ತುವಾಗಿ ಕಾಣುತ್ತದೆ. ಇಳಕಲ್‌ನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವುದನ್ನು ಹತ್ತಿರದಿಂದ ಕಂಡವರಿಗೆ ಈ ಮಾತು ಗೊತ್ತು. ಇಂದು ದೇಶದ ತುಂಬ ಬಟ್ಟೆ ವಿನ್ಯಾಸ ಕಲಿಸುತ್ತಿರುವ ಎಷ್ಟೋ ಜನ ಅವರ ಶಿಷ್ಯರು, ಶಿಷ್ಯರ ಶಿಷ್ಯರು.

ಇಷ್ಟೆಲ್ಲ ಆದ ಮೇಲೆ, 1970ರಲ್ಲಿ ಶಾಲೆ ಮುಗಿಸಿ ಬಂದವರಿಗಾಗಿ ದೀರ್ಘ ಕೋರ್ಸ್ ಶುರುವಾಯಿತು. ಉಲ್ಮ್‌ನ ಹರ್ಬರ್ಟ್ ಲಿಂಡಿಂಗರ್ ಆ ವರ್ಷವೇ ಬಂದು ಪ್ರಾಡಕ್ಟ್ ಡಿಸೈನ್ ಪಠ್ಯಕ್ರಮ ಹೊಂದಿಸಲು ನೆರವಾದರು. ಉಲ್ಮ್ ಶಾಲೆ ಅಷ್ಟು ಹೊತ್ತಿಗೆ, 1968ರಲ್ಲೇ, ಮುಚ್ಚಿಹೋಗಿತ್ತು. ಒಂದು ಕಡೆ ಬಾಗಿಲು ಹಾಕಿದ ಶಾಲೆಯ ಯೋಚನೆ ಇನ್ನೊಂದು ಕಡೆ ಪಾಠವಾಗಿ ಉಳಿಯಿತು.

ಮೇಷ್ಟ್ರುಗಳು ತಯಾರಾಗುವಾಗ ಮಾಡಿದ ಕೆಲಸ ನಮ್ಮ ಕಣ್ಣ ಮುಂದೇ ಇದೆ. 1971ರ ಸ್ಟೇಟ್ ಬ್ಯಾಂಕ್ ಗುರುತು, ಆ ನೀಲಿ ವೃತ್ತ ಮತ್ತು ಕೀಲಿಕಿಂಡಿಯಂಥ ಸೀಳು, ಎನ್‌ಐಡಿಯ ಶೇಖರ್ ಕಾಮತ್ ಮಾಡಿದ್ದು. ದೂರದರ್ಶನದ ಕಣ್ಣಿನಂಥ ಗುರುತು ಅಲ್ಲಿ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯ ಅವರದು. ಹಳ್ಳಿ ಮನೆಯ ಕಪ್ಪುಬಿಳುಪು ಟಿವಿಯಲ್ಲಿ ಅದು ತಿರುಗುತ್ತ ಬಂದು ಕೂಡುವುದನ್ನು ನೋಡಿ ಬೆಳೆದವರು ನಾವು. ಒಬ್ಬ ವಿದ್ಯಾರ್ಥಿ ಬರೆದದ್ದು ಅಂತ ಆಗ ಯಾರಿಗೆ ಗೊತ್ತಿತ್ತು?

ಆದರೂ 1970ರ ದಶಕದ ಶುರುವಿನಲ್ಲಿ ಸಂಸ್ಥೆ ಬಿಕ್ಕಟ್ಟಿಗೆ ಸಿಕ್ಕಿತು. ಇಷ್ಟು ವರ್ಷ, ಇಷ್ಟು ದುಡ್ಡು, ಹೊರಗೆ ಬಂದ ಡಿಸೈನರ್‌ಗಳು ಎಷ್ಟು ಮಂದಿ ಎನ್ನುವ ಪ್ರಶ್ನೆ ಎದ್ದಿತು. ಗೌತಮ್ ಮತ್ತು ಗೀರಾ ದೂರ ಸರಿದರು. ಸರ್ಕಾರದ ಕಡೆಯಿಂದ ಥಾಪರ್ ಸಮಿತಿ ಪರಿಶೀಲನೆ ನಡೆಸಿತು. ಪ್ರಶ್ನೆ ತಪ್ಪಲ್ಲ, ಜನರ ದುಡ್ಡು ಅದು. ಆದರೆ ಮೇಷ್ಟ್ರನ್ನು ತಯಾರು ಮಾಡುವ ಕೆಲಸ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಅಡಿಪಾಯ ಹಾಕುವಾಗ ಊರಿನವರಿಗೆ ಕಾಣುವುದು ಗುಂಡಿ ಮಾತ್ರ. ಇನ್ನೊಂದು ಮಾತನ್ನೂ ಹೇಳಬೇಕು. ಒಂದು ಮನೆತನದ ಇಬ್ಬರ ಮೇಲೆ ಇಡೀ ಸಂಸ್ಥೆ ಅಷ್ಟು ಭಾರ ಹಾಕಿ ನಿಂತದ್ದು ಒಳ್ಳೆಯದಾಗಿರಲಿಲ್ಲ. ಅವರಿಂದಲೇ ಅದು ಹುಟ್ಟಿತು, ಅವರು ಹೋದಾಗ ಅಲುಗಾಡಿತು.

1975ರಲ್ಲಿ ಅಶೋಕ್ ಚಟರ್ಜಿ ಮುಖ್ಯಸ್ಥರಾಗಿ ಬಂದರು. ಅವರು ಡಿಸೈನರ್ ಅಲ್ಲ. ಅದು ಒಂದು ರೀತಿ ಒಳ್ಳೆಯದೇ ಆಯಿತು. ಆ ವರ್ಷವೇ ಐಐಎಂನ ರವಿ ಮಥಾಯ್ ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಜವಾಜಾದಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಬರದ ನಾಡು. ಮಳೆ ಇಲ್ಲ, ಬೆಳೆ ಇಲ್ಲ. ಇರುವುದು ಚರ್ಮದ ಕೆಲಸ ಬಲ್ಲವರು, ನೇಯ್ಗೆ ಬಲ್ಲವರು. ಇವರ ಕೈಕಸುಬನ್ನೇ ಬದುಕಿನ ದಾರಿ ಮಾಡಬಹುದೇ? ಎನ್‌ಐಡಿ ಮೇಷ್ಟ್ರುಗಳು ಅಲ್ಲಿಗೆ ಹೋದರು, ಹೆಲೆನಾ ಕೂಡ.

ಬಾಸೆಲ್‌ನ ಕಪ್ಪುಬಿಳುಪು ಪಾಠ, ಉಲ್ಮ್‌ನ ಲೆಕ್ಕಾಚಾರ ಎಲ್ಲ ಇಲ್ಲಿ ಪರೀಕ್ಷೆಗೆ ಬಿತ್ತು. ಎದುರಿಗೆ ಕೂತವರಿಗೆ ಓದು ಬರುವುದಿಲ್ಲ, ಆದರೆ ಚರ್ಮವನ್ನು ಮುಟ್ಟಿ ನೋಡಿ ಅದರ ಗುಣ ಹೇಳುತ್ತಾರೆ. ಆಗ ಮೇಷ್ಟ್ರು ಯಾರು? ಜವಾಜಾದ ಚೀಲಗಳಲ್ಲಿ ಚರ್ಮದ ತುಂಡುಗಳನ್ನು ಚರ್ಮದ ಪಟ್ಟಿಯಿಂದಲೇ ಹೆಣೆದು ಸೇರಿಸುತ್ತಾರೆ. ತೂತು, ತೂತಿನೊಳಗೆ ಪಟ್ಟಿ, ಎಳೆದು ಬಿಗಿ. ಹೊಲಿಗೆ ಯಂತ್ರ ಬೇಡ, ಅದಕ್ಕೆ ಸಾಲ ಬೇಡ, ಕರೆಂಟು ಬೇಡ. ಹಳ್ಳಿಯಲ್ಲೇ ಶುರುವಾಗಿ ಹಳ್ಳಿಯಲ್ಲೇ ಮುಗಿಯುವ ಕೆಲಸ. ಆ ಕುಶಲಕರ್ಮಿಗಳು ಕಟ್ಟಿಕೊಂಡ ಸಂಘ ದಶಕಗಳ ಕಾಲ ಬಾಳಿತು. ಈ ಚೀಲದ ಮೇಲೆ ಚೊಂಬಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ನೋಡಿ, ಬಹುಪಾಲಿಗೆ ಉತ್ತರ ಸಿಗುತ್ತದೆ. 1979ರ ಜನವರಿಯಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಡಿಸೈನ್ ಮಂಡಳಿ ಸೇರಿ ಅಹಮದಾಬಾದ್ ಘೋಷಣೆ ಹೊರಡಿಸಿದವು. ಡಿಸೈನ್ ಅನ್ನೋದು ಬಡದೇಶಗಳ ಅಭಿವೃದ್ಧಿಗೆ ಬೇಕಾದ ಕೆಲಸ ಅಂತ ಅದು ಹೇಳಿತು. ಅದನ್ನು ನೋಡಲು ಚಾರ್ಲ್ಸ್ ಈಮ್ಸ್ ಇರಲಿಲ್ಲ. 1978ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು.

ಎರಡನೇ ತಲೆಮಾರಿನ ಮೇಷ್ಟ್ರುಗಳು ಒಳಗಿನಿಂದಲೇ ಬಂದರು. ಎಂ.ಪಿ. ರಂಜನ್ 1969ರಲ್ಲಿ ವಿದ್ಯಾರ್ಥಿಯಾಗಿ ಬಂದವರು, ಆಮೇಲೆ ಅಲ್ಲೇ ದಶಕಗಟ್ಟಲೆ ಕಲಿಸಿದರು. ಈಶಾನ್ಯ ರಾಜ್ಯಗಳನ್ನು ಸುತ್ತಿ ಬಿದಿರು ಮತ್ತು ಬೆತ್ತದ ಕೆಲಸಗಳನ್ನು ಅವರ ತಂಡ ದಾಖಲು ಮಾಡಿತು. ಬುಟ್ಟಿಯ ಒಂದೊಂದು ಹೆಣಿಗೆಯನ್ನೂ ಬಿಡಿಸಿ ಬರೆದ ಕೆಲಸ ಅದು. ಈಮ್ಸ್ ಚೊಂಬನ್ನು ನೋಡಿದ ಕಣ್ಣಿನಿಂದಲೇ ಇವರು ಬುಟ್ಟಿಯನ್ನು ನೋಡಿದರು. ವಿಕಾಸ್ ಸಾತ್ವಳೇಕರ್ ಮುಂದೆ ಸಂಸ್ಥೆಯ ನಿರ್ದೇಶಕರೇ ಆದರು. ಇನ್ನು ದಶರಥ್ ಪಟೇಲ್, 1980ರ ದಶಕದ ಶುರುವಿಗೆ ಎನ್‌ಐಡಿ ಬಿಟ್ಟು, ವಾರಾಣಸಿ ಹತ್ತಿರದ ಸೇವಾಪುರಿಯಲ್ಲಿ ಹಳ್ಳಿಯವರಿಗಾಗಿ ಡಿಸೈನ್ ಶಾಲೆ ಕಟ್ಟಲು ಹೋದರು.

ಈ ಪಟ್ಟಿಯಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಎನ್‌ಐಡಿ ಇತಿಹಾಸ ಹೇಳುವಾಗ ಕಾನ್, ಈಮ್ಸ್, ಹಾಫ್‌ಮನ್ ಹೆಸರು ಬರುತ್ತದೆ. ವರ್ಕ್‌ಶಾಪ್‌ನಲ್ಲಿ ನಿಂತು ಉಳಿ ಹಿಡಿಯುವುದನ್ನು, ಮರದ ನಾರು ಯಾವ ಕಡೆ ಓಡುತ್ತದೆ ನೋಡುವುದನ್ನು ಹುಡುಗರಿಗೆ ಹೇಳಿಕೊಟ್ಟ ಬಡಗಿಗಳು, ಲೋಹದ ಕೆಲಸದವರು, ನೇಕಾರರು ಆ ಪಟ್ಟಿಯಲ್ಲಿ ಅಷ್ಟಾಗಿ ಬರುವುದಿಲ್ಲ. ನಾನು ಕೆಲವು ವರ್ಷ ಡ್ರಾಯಿಂಗ್ ಪಾಠ ಮಾಡಿದ ಕಾಲೇಜಿನಲ್ಲೂ ಹಾಗೇ ಇತ್ತು. ಮಾಡುತ್ತಿದ್ದ ಕೆಲಸ ಏನಾದರೂ ಕೆಟ್ಟರೆ ಮಕ್ಕಳು ನನ್ನ ಹತ್ತಿರ ಬರುತ್ತಿರಲಿಲ್ಲ, ವರ್ಕ್‌ಶಾಪ್‌ನ ಆಚಾರ್ರ ಹತ್ತಿರ ಓಡುತ್ತಿದ್ದರು. ಸ್ಟಾಫ್ ಫೋಟೋ ತೆಗೆಯುವ ದಿನ ಅವರನ್ನು ಯಾರೂ ಕರೆಯಲಿಲ್ಲ. ನನಗೂ ಆಗ ಹೊಳೆಯಲಿಲ್ಲ.

ಬೆಂಗಳೂರಿಗೆ ಎನ್‌ಐಡಿ ಬಂದದ್ದು 2006ರಲ್ಲಿ. ತುಮಕೂರು ರಸ್ತೆಯಿಂದ ಒಳಕ್ಕೆ, ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ಅದರ ಕ್ಯಾಂಪಸ್ ಇದೆ. ನಾಡಿಗೆಲ್ಲ ಗಡಿಯಾರ ಮಾಡಿಕೊಟ್ಟ ಕಾರ್ಖಾನೆಯ ಹೆಸರಿನ ರಸ್ತೆ ಅದು. 2014ರಲ್ಲಿ ಸಂಸತ್ತು ಕಾಯ್ದೆ ಮಾಡಿ ಎನ್‌ಐಡಿಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದಿತು. ಪದವಿ ಕೊಡುವ ಅಧಿಕಾರ ಬಂದದ್ದು ಆಗಲೇ. ಅಂದರೆ ಶುರುವಾಗಿ ಐವತ್ತು ವರ್ಷ ದಾಟುವವರೆಗೂ ಅಲ್ಲಿ ಕಲಿತವರ ಕೈಗೆ ಸಿಗುತ್ತಿದ್ದದ್ದು ಡಿಪ್ಲೊಮಾ ಮಾತ್ರ. ಆ ಡಿಪ್ಲೊಮಾ ಹಿಡಿದವರೇ ದೇಶದ ಎಷ್ಟೋ ಡಿಸೈನ್ ಕಾಲೇಜುಗಳಿಗೆ ಮೇಷ್ಟ್ರಾಗಿ ಹೋದರು. 2015ರಿಂದ ಆಂಧ್ರ, ಹರಿಯಾಣ, ಮಧ್ಯಪ್ರದೇಶ, ಅಸ್ಸಾಂಗಳಲ್ಲಿ ಹೊಸ ಎನ್‌ಐಡಿಗಳು ಒಂದೊಂದಾಗಿ ತೆರೆದವು. ಅಲ್ಲೂ ಮೊದಲ ದಿನ ತರಗತಿಗೆ ಹೋಗಿ ನಿಂತವರಲ್ಲಿ ಅಹಮದಾಬಾದ್‌ನಲ್ಲಿ ಕಲಿತವರಿದ್ದರು.